ಗುಂಡಿ ಬಿಟ್ಟರೆ ಆರುವ ಉರಿ

ಸುರಕ್ಷಾ ಕವಾಟವಿರುವ ಗ್ಯಾಸ್ ಒಲೆಯನ್ನು ಮೊದಲ ಸಲ ಮನೆಗೆ ತಂದವರು ಒಂದೆರಡು ದಿನ ಪೇಚಾಡುತ್ತಾರೆ. ಗುಬುಟು ತಿರುಗಿಸಿದರೆ ಉರಿ ಹತ್ತುತ್ತದೆ, ಕೈ ತೆಗೆದರೆ ಆರುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಆರುತ್ತದೆ. ಗುಬುಟನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿದು ಆಮೇಲೆ ಬಿಡಬೇಕು ಎಂದು ಯಾರಾದರೂ ಹೇಳಿಕೊಟ್ಟ ಮೇಲೆ ಅದೇ ರೂಢಿಯಾಗುತ್ತದೆ. ಆ ನಾಲ್ಕೈದು ಸೆಕೆಂಡಿನಲ್ಲಿ ಒಲೆಯೊಳಗೆ ಏನಾಯಿತು ಎಂದು ಕೇಳುವವರು ಕಡಿಮೆ.

ಮಣ್ಣಿನ ಪಾತ್ರೆ ಸುಡುವ ಗ್ಯಾಸ್ ಆವಿಗೆಯ ಮುಂದೆ ನಿಂತವರು ಮಾತ್ರ ಇದನ್ನು ಕೇಳಲೇಬೇಕಾಗುತ್ತದೆ. ವಾರಗಟ್ಟಲೆ ತಿಗುರಿಯ ಮೇಲೆ ತಿರುವಿ, ಒಣಗಿಸಿ, ಮೆರುಗು ಹಚ್ಚಿದ ಬಟ್ಟಲು ಬೋಗುಣಿಗಳು ಒಳಗೆ ಕೂತಿವೆ. ಬಾಗಿಲು ಮುಚ್ಚಿದೆ. ಬರ್ನರಿನ ಪಕ್ಕದ ಪುಟ್ಟ ಪೈಲಟ್ ಉರಿ ಹತ್ತಿದೆ. ಕೆಂಪು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಅದು ಚೆನ್ನಾಗಿಯೇ ಉರಿಯುತ್ತದೆ, ಬಿಟ್ಟರೆ ಆರುತ್ತದೆ. ಮೂವತ್ತು ಸೆಕೆಂಡು, ಒಂದು ನಿಮಿಷ, ಎರಡು ನಿಮಿಷ ಒತ್ತಿ ಹಿಡಿದರೂ ಅಷ್ಟೇ. ಇನ್ನೊಂದು ದಿನ ಅದೇ ಆವಿಗೆ ತಕರಾರಿಲ್ಲದೆ ಹತ್ತಿಕೊಳ್ಳುತ್ತದೆ, ಐದು ತಾಸು ಉರಿಯುತ್ತದೆ, ಒಳಗೆಲ್ಲ ಕಿತ್ತಳೆಯ ಬೆಳಕು ತುಂಬಿರುವಾಗ ಸದ್ದಿಲ್ಲದೆ ನಂದಿಹೋಗುತ್ತದೆ.

ಎರಡೂ ಒಂದೇ ರೋಗದಂತೆ ಕಾಣುತ್ತವೆ, ಕಾರಣಗಳು ಬೇರೆ. ಉರಿ ಯಾಕೆ ಆರಿತು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಯಾವ ಹೊತ್ತಿಗೆ ಆರಿತು ಎಂದು ಗಮನಿಸಿದರೆ ದೋಷ ಇರುವ ಜಾಗ ತಾನಾಗಿ ಗೋಚರಿಸುತ್ತದೆ. ಅದಕ್ಕೆ ಮೊದಲು, ಉರಿಯನ್ನು ಆರಿಸುವ ಏರ್ಪಾಡು ಅಲ್ಲಿ ಯಾಕಿದೆ ಎಂದು ತಿಳಿಯಬೇಕು.

ಸೌದೆಗೆ ಇಲ್ಲದ ಅಪಾಯ

ಬೆಂಗಳೂರಿನ ಪಾಟರಿ ಟೌನಿನಂಥ ಕುಂಬಾರಗೇರಿಗಳಲ್ಲಿ ಸೌದೆ, ಹೊಟ್ಟು, ಮರದ ಪುಡಿ ಹಾಕಿ ಸುಡುವವರಿಗೆ ಈ ತೊಂದರೆಯಿಲ್ಲ. ಸೌದೆಯ ಜ್ವಾಲೆ ಒಂದು ಗಳಿಗೆ ಕುಗ್ಗಿದರೂ ಕೆಂಡ ಉಳಿದಿರುತ್ತದೆ, ಮುಂದಿನ ಕೊರಡು ಅದರ ಮೇಲೆ ಬಿದ್ದ ಕೂಡಲೇ ಹೊತ್ತಿಕೊಳ್ಳುತ್ತದೆ. ಪೂರ್ತಿ ಆರಿಹೋದರೂ ಸುಡದ ಸೌದೆ ಇದ್ದಲ್ಲೇ ಬಿದ್ದಿರುತ್ತದೆ. ಗ್ಯಾಸಿನ ಕತೆ ಹಾಗಲ್ಲ. ಉರಿ ನಂದಿದರೂ ಸಿಲಿಂಡರಿಗೆ ಅದು ಗೊತ್ತಾಗುವುದಿಲ್ಲ. ಗ್ಯಾಸ್ ಬರುತ್ತಲೇ ಇರುತ್ತದೆ, ಮುಚ್ಚಿದ ಗೂಡಿನೊಳಗೆ ಗಾಳಿಯ ಜೊತೆ ಬೆರೆಯುತ್ತಲೇ ಇರುತ್ತದೆ.

ಅಡುಗೆಮನೆಗೆ ಬರುವ ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಗಾಳಿಯಲ್ಲಿ ಅದರ ಪಾಲು ಸುಮಾರು ಶೇಕಡಾ 2 ದಾಟಿದರೆ ಆ ಮಿಶ್ರಣ ಸ್ಫೋಟಿಸಬಲ್ಲದು. ಸುಮಾರು 9ನ್ನು ಮೀರಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. 25 ಘನ ಅಡಿಯ ಗೂಡು ಹವ್ಯಾಸಿ ಕಲಾವಿದರ ಅಂಗಳದಲ್ಲೂ ಇರುವಂಥದ್ದು. ಅದರೊಳಗೆ ಹಿಡಿಯುವ ಗಾಳಿ ಸುಮಾರು 700 ಲೀಟರ್. ಅದರ ಶೇಕಡಾ 2 ಎಂದರೆ 14 ಲೀಟರ್ ಗ್ಯಾಸ್, ತೂಕದಲ್ಲಿ ಸುಮಾರು 30 ಗ್ರಾಂ. ತಾಸಿಗೆ ಒಂದು ಕೆ.ಜಿ. ಉರಿಸುವ ಬರ್ನರಿನಿಂದ ಅಷ್ಟು ಹೊರಬರಲು ಎರಡು ನಿಮಿಷವೂ ಬೇಡ. ಸ್ವಲ್ಪ ಗ್ಯಾಸ್ ಚಿಮಣಿಯಿಂದ ಹೊರಗೆ ಹೋಗುತ್ತದೆಂದು ಲೆಕ್ಕ ಹಿಡಿದರೂ, ಉರಿ ಆರಿದ್ದನ್ನು ಕಂಡು ಗಡಿಬಿಡಿಯಲ್ಲಿ ಲೈಟರ್ ಹಿಡಿದು ಬಾಗುವವರ ಮುಖದೆದುರು ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ.

ಹೊರಗಿನವರಿಗೆ ವಿಚಿತ್ರವೆನಿಸುವ ಒಂದು ಸಂಗತಿ ಇಲ್ಲಿದೆ. ಆವಿಗೆ ಅತ್ಯಂತ ಅಪಾಯಕಾರಿಯಾಗಿರುವುದು ಅದು ತಣ್ಣಗಿರುವಾಗ. ಒಳಗೋಡೆ ಕೆಂಪಗೆ ಕಾದಿದ್ದರೆ ಬಂದ ಗ್ಯಾಸ್ ಗೋಡೆ ತಾಗಿ ತಾನೇ ಹೊತ್ತಿಕೊಳ್ಳುತ್ತದೆ, ಶೇಖರವಾಗುವ ಅವಕಾಶವೇ ಇಲ್ಲ. ಕೈಗಾರಿಕಾ ಕುಲುಮೆಗಳ ನಿಯಮಗಳಲ್ಲಿ ಇದಕ್ಕೆ 760 ಡಿಗ್ರಿ ಸೆಲ್ಸಿಯಸ್ಸಿನ ಗೆರೆ ಹಾಕಿರುತ್ತಾರೆ. ಆ ಗೆರೆಯ ಕೆಳಗೆ ಪ್ರತಿ ನಿಮಿಷವೂ ಜ್ವಾಲೆಯ ಮೇಲೆ ಕಣ್ಣಿರಬೇಕು. ಕುಂಬಾರರ ಕೆಲಸದಲ್ಲಿ ಈ ಕೆಳಗಿನ ಹಂತವೇ ಉದ್ದ. ಮಣ್ಣಿನೊಳಗೆ ಉಳಿದ ನೀರು ದಿಢೀರನೆ ಆವಿಯಾದರೆ ಪಾತ್ರೆ ಸಿಡಿಯುತ್ತದೆ. ಹಾಗಾಗಿ ಎಷ್ಟೋ ಕಡೆ ರಾತ್ರಿಯಿಡೀ ಬರೀ ಪೈಲಟ್ ಉರಿಯಲ್ಲೇ ಗೂಡನ್ನು ಬೆಚ್ಚಗಿಡುತ್ತಾರೆ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆಯ ಹರಳು ರೂಪ ಬದಲಿಸಿ ಹಿಗ್ಗುವುದರಿಂದ ಅಲ್ಲಿಯೂ ಅವಸರ ಮಾಡುವಂತಿಲ್ಲ. ಜ್ವಾಲೆ ತೀರ ಸಣ್ಣದಾಗಿರುವ ಹೊತ್ತು, ಮನುಷ್ಯರು ನಿದ್ದೆ ಮಾಡುವ ಹೊತ್ತು, ಗ್ಯಾಸ್ ತಾನಾಗಿ ಹೊತ್ತಿಕೊಳ್ಳದ ಹೊತ್ತು, ಮೂರೂ ಒಂದೇ.

ಆ ಹೊತ್ತಿನಲ್ಲಿ ಎಚ್ಚರವಿರುವುದು ಪೆನ್ಸಿಲಿಗಿಂತ ತೆಳ್ಳಗಿನ ಒಂದು ಲೋಹದ ಕಡ್ಡಿ.

ಎರಡು ಲೋಹ, ಒಂದು ಬೆಸುಗೆ

ಅದರ ಹೆಸರು ಥರ್ಮೋಕಪಲ್. ಪಠ್ಯಪುಸ್ತಕ ಉಷ್ಣಯುಗ್ಮ ಎನ್ನುತ್ತದೆ, ಇಲ್ಲಿ ಬಿಸಿಜೋಡಿ ಎನ್ನೋಣ. ತುದಿಯಲ್ಲಿ ಬೆಸೆದ ಎರಡು ಬೇರೆ ಬೇರೆ ಲೋಹಗಳು, ಅಷ್ಟೇ. ಬ್ಯಾಟರಿ ಇಲ್ಲ, ಪ್ಲಗ್ಗಿಲ್ಲ, ಅಲುಗಾಡುವ ಭಾಗವಿಲ್ಲ. ತುದಿ ಪೈಲಟ್ ಉರಿಯೊಳಗೆ ಇರುತ್ತದೆ, ಬಾಲ ಗ್ಯಾಸಿನ ಕವಾಟಕ್ಕೆ ತಿರುಪಿನಿಂದ ಸೇರಿರುತ್ತದೆ.

ಇದರ ಗುಣವನ್ನು ಕಂಡವನು ಥಾಮಸ್ ಯೋಹಾನ್ ಸೀಬೆಕ್. ಈಗಿನ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ 1770ರಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಕೆಲಸ ಮಾಡಿದವನು. 1821ರಲ್ಲಿ ಅವನು ತಾಮ್ರ ಮತ್ತು ಬಿಸ್ಮತ್ ಪಟ್ಟಿಗಳನ್ನು ಜೋಡಿಸಿ ಸುತ್ತು ಮಾಡಿ, ಒಂದು ಬೆಸುಗೆಯನ್ನಷ್ಟೇ ಬಿಸಿ ಮಾಡಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಸರಿಯಿತು. ಶಾಖವೇ ಕಾಂತಶಕ್ತಿಯನ್ನು ಹುಟ್ಟಿಸಿತೆಂದು ಸೀಬೆಕ್ ನಂಬಿದ. ಭೂಮಿಯ ಕಾಂತತ್ವಕ್ಕೂ ಧ್ರುವ ಮತ್ತು ಸಮಭಾಜಕಗಳ ನಡುವಿನ ಉಷ್ಣತೆಯ ಅಂತರವೇ ಕಾರಣವೆಂದು ವಾದಿಸಿದ. ಅದು ತಪ್ಪು ದಾರಿ. ವಿದ್ಯುತ್ತು ಹರಿದರೆ ದಿಕ್ಸೂಚಿ ಸರಿಯುತ್ತದೆಂದು ಅದರ ಹಿಂದಿನ ವರ್ಷ, 1820ರಲ್ಲಿ, ತೋರಿಸಿಕೊಟ್ಟಿದ್ದ ಡೆನ್ಮಾರ್ಕಿನ ಓರ್ಸ್ಟೆಡ್ ಇಲ್ಲಿಯೂ ಸರಿಯಾದ ಅರ್ಥ ಹಿಡಿದ: ಶಾಖ ಮೊದಲು ವಿದ್ಯುತ್ತನ್ನು ಹರಿಸಿದೆ, ಆ ವಿದ್ಯುತ್ತು ಮುಳ್ಳನ್ನು ಸರಿಸಿದೆ.

ಲೋಹದೊಳಗೆ ಎಲೆಕ್ಟ್ರಾನುಗಳು ಸಡಿಲವಾಗಿ ಓಡಾಡಿಕೊಂಡಿರುತ್ತವೆ. ಒಂದು ತುದಿ ಕಾದರೆ ಅಲ್ಲಿನವುಗಳ ಚಡಪಡಿಕೆ ಹೆಚ್ಚಿ, ತಣ್ಣನೆಯ ತುದಿಯ ಕಡೆಗೆ ಹೆಚ್ಚು ಹೆಚ್ಚು ಸರಿಯುತ್ತವೆ. ಒಂದೇ ಲೋಹದ ಎರಡು ತಂತಿಗಳನ್ನು ಬೆಸೆದು ಕಾಯಿಸಿದರೆ ಎರಡರಲ್ಲೂ ಈ ಸರಿದಾಟ ಸಮನಾಗಿ, ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ಬೇರೆ ಬೇರೆ ಲೋಹಗಳಲ್ಲಿ ಸರಿದಾಟದ ಪ್ರಮಾಣ ಬೇರೆ, ಆದ್ದರಿಂದ ಕೊನೆಗೆ ಒಂದಿಷ್ಟು ವೋಲ್ಟೇಜು ಉಳಿಯುತ್ತದೆ. ಆ ಉಳಿಕೆ ಬಹಳ ಚಿಕ್ಕದು. ಆವಿಗೆಗಳ ಉಷ್ಣತೆ ಅಳೆಯಲು ಹೆಚ್ಚಾಗಿ ಬಳಸುವ ಕ್ರೋಮೆಲ್–ಅಲ್ಯೂಮೆಲ್ ಜೋಡಿಯಲ್ಲಿ ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 41 ಮೈಕ್ರೋವೋಲ್ಟ್. ಪೈಲಟ್ ಉರಿಗೆ ಹಿಡಿಯುವ ಬಿಸಿಜೋಡಿ ಆರೋಗ್ಯವಾಗಿದ್ದರೆ ಒಟ್ಟು 20ರಿಂದ 30 ಮಿಲಿವೋಲ್ಟ್ ಕೊಡುತ್ತದೆ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ಒತ್ತಡ 1,500 ಮಿಲಿವೋಲ್ಟ್, ಅದರ ಐವತ್ತರಲ್ಲಿ ಒಂದು ಭಾಗ ಎನ್ನಬಹುದು.

ಇಲ್ಲಿ ಒಂದು ಪದವನ್ನು ನೆನಪಿಟ್ಟುಕೊಳ್ಳಬೇಕು: ಅಂತರ. ಬಿಸಿಜೋಡಿ ಅಳೆಯುವುದು ತುದಿಯ ಬಿಸಿಯನ್ನಲ್ಲ, ತುದಿಗೂ ಬಾಲಕ್ಕೂ ಇರುವ ಬಿಸಿಯ ವ್ಯತ್ಯಾಸವನ್ನು. ಐದು ತಾಸು ಉರಿದು ಆರುವ ಆವಿಗೆಯ ಸಮಸ್ಯೆಗೆ ಬಂದಾಗ ಇದೇ ಕೀಲಿಯಾಗುತ್ತದೆ.

ಹಿಡಿಯಬಲ್ಲದು, ಎಳೆಯಲಾರದು

ಇಷ್ಟು ಕ್ಷೀಣವಾದ ವಿದ್ಯುತ್ತು ಗ್ಯಾಸನ್ನು ಹಿಡಿತದಲ್ಲಿಡುವುದು ಹೇಗೆ? ಕವಾಟದೊಳಗೆ ಒಂದು ಸ್ಪ್ರಿಂಗ್ ಇದೆ, ಅದು ಸದಾ ಗ್ಯಾಸಿನ ದಾರಿ ಮುಚ್ಚಲು ತಳ್ಳುತ್ತಿರುತ್ತದೆ. ಅದರೆದುರು ತಂತಿ ಸುತ್ತಿದ ಪುಟ್ಟ ವಿದ್ಯುತ್ಕಾಂತವಿದೆ. ಬಿಸಿಜೋಡಿಯಿಂದ ಬಂದ ವಿದ್ಯುತ್ತು ಆ ತಂತಿಯಲ್ಲಿ ಹರಿದಾಗ ಅದು ಕಾಂತವಾಗಿ ಒಂದು ಕಬ್ಬಿಣದ ತಟ್ಟೆಯನ್ನು ಹಿಡಿದುಕೊಳ್ಳುತ್ತದೆ. ತಟ್ಟೆ ಅಂಟಿಕೊಂಡಿರುವವರೆಗೆ ಕವಾಟ ತೆರೆದಿರುತ್ತದೆ.

ಫ್ರಿಜ್ಜಿನ ಬಾಗಿಲಿನ ಅಂಚಿನಲ್ಲಿ ಕಾಂತದ ಪಟ್ಟಿ ಇರುವುದು ಎಲ್ಲರಿಗೂ ಗೊತ್ತು. ಮುಚ್ಚಿದ ಬಾಗಿಲನ್ನು ತೆಗೆಯಲು ಸ್ವಲ್ಪ ಜಗ್ಗಬೇಕು, ಆದರೆ ಒಂದು ಗೇಣು ತೆರೆದಿಟ್ಟ ಬಾಗಿಲನ್ನು ಆ ಕಾಂತ ತಾನಾಗಿ ಎಳೆದುಕೊಳ್ಳುವುದಿಲ್ಲ. ತಾಗಿದ್ದನ್ನು ಹಿಡಿಯುವ ಬಲ ಇದೆ, ದೂರವಿದ್ದುದನ್ನು ಸೆಳೆಯುವ ಬಲ ಇಲ್ಲ. ಆವಿಗೆಯ ಕವಾಟದ ಕಾಂತವೂ ಹಾಗೇ. ಸ್ಪ್ರಿಂಗನ್ನು ಸೋಲಿಸಿ ತಟ್ಟೆಯನ್ನು ಕಾಂತದ ಹತ್ತಿರ ಒಯ್ಯುವ ಕೆಲಸ ಅದರಿಂದಾಗದು. ಆ ಕೆಲಸವನ್ನು ಮನುಷ್ಯನ ಬೆರಳು ಮಾಡುತ್ತದೆ. ಕೆಂಪು ಗುಂಡಿ ಒತ್ತುವುದೆಂದರೆ ತಟ್ಟೆಯನ್ನು ಕಾಂತಕ್ಕೆ ತಾಗಿಸಿ ಹಿಡಿಯುವುದು. ಬೆರಳು ಒತ್ತಿರುವಷ್ಟು ಹೊತ್ತು ಪೈಲಟ್ಟಿಗೆ ಗ್ಯಾಸ್ ಹೋಗುತ್ತದೆ, ತುದಿ ಕಾಯುತ್ತದೆ, ವೋಲ್ಟೇಜು ಏರುತ್ತದೆ. ಸಾಕಷ್ಟು ಏರಿದ ಮೇಲೆ ಬೆರಳು ತೆಗೆದರೆ ಕಾಂತ ತಟ್ಟೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಅಡುಗೆಯ ಒಲೆಗೆ ನಾಲ್ಕೈದು ಸೆಕೆಂಡು ಸಾಕು, ಆವಿಗೆಯ ದಪ್ಪ ಕಡ್ಡಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು.

ಕಾಂತ ಇಷ್ಟು ದುರ್ಬಲವಾಗಿರುವುದು ಬೇಕೆಂದೇ ಮಾಡಿದ್ದು. ಉರಿ ಆರಿದರೆ ತುದಿ ತಣ್ಣಗಾಗುತ್ತದೆ, ಕಾಂತ ಕೈಬಿಡುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಆಮೇಲೆ ಯಾವ ಕಾರಣಕ್ಕೆ ವಿದ್ಯುತ್ತು ಮರಳಿದರೂ ಕವಾಟ ತಾನಾಗಿ ತೆರೆಯಲಾರದು. ಮನುಷ್ಯ ಬಂದು, ನೋಡಿ, ಒತ್ತಲೇಬೇಕು. ತಂತಿ ತುಂಡಾದರೂ, ಬೆಸುಗೆ ಬಿಟ್ಟರೂ, ತಿರುಪು ಸಡಿಲವಾದರೂ ಫಲ ಒಂದೇ, ಗ್ಯಾಸ್ ನಿಲ್ಲುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ನಂಬಿಕೆಗೆ ಅರ್ಹವಾದ ಕಾವಲನ್ನು ಕಟ್ಟಿದವರ ಜಾಣ್ಮೆಗೆ ತಲೆದೂಗಬೇಕು.

ಓಮ್‌ನ ಪ್ರಯೋಗ, ಆವಿಗೆಯ ಕೊಳೆ

ಈಗ ಮೊದಲ ರೋಗ: ಗುಂಡಿ ಬಿಟ್ಟ ತಕ್ಷಣ ಆರುವುದು. ಪೈಲಟ್ ಉರಿ ಬೆರಳು ಒತ್ತಿದ್ದಾಗ ಚೆನ್ನಾಗಿ ಉರಿಯುತ್ತಿದ್ದರೆ ಗ್ಯಾಸಿನದ್ದು ತಪ್ಪಿಲ್ಲ. ಸಿಲಿಂಡರ್, ರೆಗ್ಯುಲೇಟರ್, ಪೈಪು, ಜೆಟ್ ಎಲ್ಲವೂ ಅಷ್ಟರ ಮಟ್ಟಿಗೆ ನಿರಪರಾಧಿಗಳು. ದೋಷ ಇರುವುದು ತುದಿಯಿಂದ ಕಾಂತದವರೆಗಿನ ಒಂದೆರಡು ಅಡಿಯಲ್ಲಿ.

ಅಲ್ಲಿ ಏನು ಕೆಡುತ್ತದೆ ಎಂಬುದಕ್ಕೆ ಉತ್ತರ 1826ರಷ್ಟು ಹಳೆಯದು. ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದ ಗೇಯೋರ್ಗ್ ಓಮ್ ತಂತಿಯಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆಂದು ಅಳೆಯಲು ಹೊರಟಿದ್ದ. ಆ ಕಾಲದ ಬ್ಯಾಟರಿಗಳ ಒತ್ತಡ ಗಳಿಗೆಗೊಂದು ಬಗೆ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಅವನು ಸೀಬೆಕ್‌ನ ಬಿಸಿಜೋಡಿಗೆ ಮೊರೆಹೋದ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜಿನಲ್ಲಿ. ಎರಡರ ಉಷ್ಣತೆಯೂ ಅಲುಗದು, ಆದ್ದರಿಂದ ವೋಲ್ಟೇಜೂ ಅಲುಗದು. ಆ ಸ್ಥಿರತೆಯಿಂದಲೇ ಓಮ್‌ನ ನಿಯಮ ಹೊರಬಂತು: ಒತ್ತಡ ಅಷ್ಟೇ ಇದ್ದು ತಡೆ ಎರಡರಷ್ಟಾದರೆ ಹರಿವು ಅರ್ಧವಾಗುತ್ತದೆ. ಶಾಲೆಯ ಮಕ್ಕಳು ಕಂಠಪಾಠ ಮಾಡುವ ಈ ನಿಯಮ ಹುಟ್ಟಿದ್ದು ಆವಿಗೆಯ ಪೈಲಟ್ಟಿನಲ್ಲಿರುವ ಅದೇ ಬಗೆಯ ಜೋಡಿಯಿಂದ, ಅದು ಈ ಆವಿಗೆಯ ರೋಗವನ್ನೂ ವಿವರಿಸುತ್ತದೆ.

ಕವಾಟದ ಕಾಂತ ಕೆಲಸ ಮಾಡಲು ನೂರಾರು ಮಿಲಿಆಂಪಿಯರಿನ ಹರಿವು ಬೇಕು. ಮೂವತ್ತು ಮಿಲಿವೋಲ್ಟಿನಲ್ಲಿ ಅಷ್ಟು ಹರಿಯಬೇಕಾದರೆ ಇಡೀ ಸುತ್ತಿನ ತಡೆ ಒಂದು ಓಮಿನ ನೂರರಲ್ಲಿ ಕೆಲವೇ ಭಾಗದಷ್ಟಿರಬೇಕು. ಮನೆಯ ಸ್ವಿಚ್ಚಿನಲ್ಲಿ ಒಂದಿಷ್ಟು ಕಿಲುಬಿನ ತಡೆ ಸೇರಿದರೆ 230 ವೋಲ್ಟಿನ ಒತ್ತಡ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ದೀಪ ಉರಿಯುತ್ತದೆ. ಇಲ್ಲಿ ಹಾಗಿಲ್ಲ. ಬಿಸಿಜೋಡಿಯ ಬಾಲ ಕವಾಟಕ್ಕೆ ಸೇರುವ ಕಡೆ ತೆಳ್ಳನೆಯ ಹಸಿರು ಕಿಲುಬೋ, ಎಣ್ಣೆಯ ಜಿಡ್ಡೋ, ಮಣ್ಣಿನ ಧೂಳೋ ಕೂತರೆ ಸಾಕು, ತಡೆ ಎರಡು ಪಟ್ಟು, ಮೂರು ಪಟ್ಟು ಆಗಿಬಿಡುತ್ತದೆ. ಬಿಸಿಜೋಡಿ ಸರಿಯಾಗಿದೆ, ಕಾಂತ ಸರಿಯಾಗಿದೆ, ನಡುವಿನ ಕೊಳೆ ಎರಡನ್ನೂ ಸೋಲಿಸುತ್ತದೆ. ಕುಂಬಾರಿಕೆಯ ಶಾಲೆಯಲ್ಲಿ ಧೂಳಿಗೆ ಬರವೇ? ಒಣಗಿದ ಜೇಡಿಮಣ್ಣು, ಮೆರುಗಿನ ಪುಡಿ, ಮಳೆಗಾಲದ ತೇವ ಎಲ್ಲವೂ ಅಲ್ಲಿಗೇ ಬಂದು ಕೂರುತ್ತವೆ.

ಹಾಗಾಗಿ ಹೊಸ ಬಿಡಿಭಾಗ ತರುವ ಮುನ್ನ ಮಾಡಬೇಕಾದದ್ದು ಇಷ್ಟು. ಗ್ಯಾಸನ್ನು ಸಿಲಿಂಡರಿನಲ್ಲೇ ನಿಲ್ಲಿಸಿ, ಬಾಲದ ತಿರುಪು ಬಿಚ್ಚಿ, ಅದರ ತುದಿಯನ್ನೂ ಅದು ಕೂರುವ ಕುಳಿಯನ್ನೂ ಒಣಬಟ್ಟೆಯಿಂದ ಒರೆಸಬೇಕು, ಕಿಲುಬಿದ್ದರೆ ನಯವಾದ ಉಜ್ಜುಕಾಗದ ತಾಗಿಸಬೇಕು. ಮತ್ತೆ ಸೇರಿಸುವಾಗ ಬೆರಳಿನಲ್ಲಿ ಆದಷ್ಟು ಬಿಗಿದು, ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು. ಬಲವಿದೆಯೆಂದು ಇನ್ನೂ ತಿರುಗಿಸಿದರೆ ಒಳಗಿನ ನಿರೋಧಕ ಬಿಲ್ಲೆ ನುಜ್ಜಾಗಿ, ವಿದ್ಯುತ್ತು ಕಾಂತದವರೆಗೆ ಹೋಗದೆ ಅಲ್ಲೇ ಅಡ್ಡದಾರಿ ಹಿಡಿಯುತ್ತದೆ.

ಒರೆಸಿದರೂ ವಾಸಿಯಾಗದಿದ್ದರೆ ಮಲ್ಟಿಮೀಟರ್ ಬೇಕು. ಬಿಸಿಜೋಡಿಯನ್ನು ಬಿಚ್ಚಿ, ತುದಿಗೆ ಒಂದು ನಿಮಿಷ ಜ್ವಾಲೆ ಹಿಡಿದು, ಬಾಲದ ಎರಡು ಭಾಗಗಳ ನಡುವೆ ಮಿಲಿವೋಲ್ಟ್ ನೋಡುವುದು. 20ರಿಂದ 30 ಬಂದರೆ ಜೋಡಿ ಜೀವಂತವಾಗಿದೆ, ಸಂಶಯ ಕಾಂತದ ಕಡೆಗೆ ತಿರುಗುತ್ತದೆ. ಇಪ್ಪತ್ತಕ್ಕಿಂತ ಬಹಳ ಕೆಳಗೇ ನಿಂತರೆ ಜೋಡಿಯ ಆಯುಸ್ಸು ಮುಗಿದಿದೆ. ಸದಾ ಜ್ವಾಲೆಯಲ್ಲಿರುವ ಲೋಹ ಉತ್ಕರ್ಷಣಗೊಂಡು ಸವೆಯುತ್ತದೆ, ಅದು ಬದಲಿಸುವುದಕ್ಕೆಂದೇ ಇರುವ ಭಾಗ. ಉಷ್ಣತೆ ತೋರಿಸುವ ಪೈರೋಮೀಟರಿನ ಬಿಸಿಜೋಡಿ ಬೇರೆ, ಪೈಲಟ್ಟಿನದು ಬೇರೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಗೂಡಿನ ಗೋಡೆಯಲ್ಲಿ ತೂರಿಸಿದ ಉದ್ದನೆಯ ಕಡ್ಡಿ ಎಷ್ಟು ಸರಿಯಾಗಿ ಅಂಕಿ ತೋರಿಸಿದರೂ ಕವಾಟಕ್ಕೆ ಅದರಿಂದ ಉಪಯೋಗವಿಲ್ಲ.

ಜೇಡನ ಮನೆ

ಪೈಲಟ್ ಉರಿಯೇ ಬಡಕಲಾಗಿದ್ದರೆ ಕತೆ ಬೇರೆ. ಒಳ್ಳೆಯ ಪೈಲಟ್ ಉರಿ ನೀಲಿಯಾಗಿ, ನೇರವಾಗಿ, ಬಿಸಿಜೋಡಿಯ ತುದಿಯ ಒಂದು ಸೆಂಟಿಮೀಟರನ್ನಾದರೂ ಪೂರ್ತಿ ಸುತ್ತಿಕೊಂಡಿರಬೇಕು. ಹಳದಿಯಾಗಿ ತೂಗಾಡುವ ಉರಿಗೆ ಗಾಳಿ ಸಾಲದು, ಅದು ತುದಿಗೆ ಮಸಿ ಹಿಡಿಸುತ್ತದೆ. ಮಸಿ ಶಾಖವನ್ನು ತಡೆಯುತ್ತದೆ.

ಪೈಲಟ್ಟಿನ ಜೆಟ್ ಸೂಜಿಮೊನೆಯಷ್ಟು ಸಣ್ಣ ತೂತು. ಆವಿಗೆ ತಿಂಗಳುಗಟ್ಟಲೆ ಸುಮ್ಮನಿದ್ದರೆ ಅಲ್ಲೂ ಬರ್ನರಿನ ಕೊಳವೆಯಲ್ಲೂ ಜೇಡ ಮನೆ ಮಾಡುತ್ತದೆ. ಇದನ್ನು ಹಗುರವಾಗಿ ಕಾಣಬಾರದು. 2011ರಲ್ಲಿ ಜಪಾನಿನ ಮಜ್ದಾ ಕಂಪನಿ ಅಮೆರಿಕದಲ್ಲಿ ಹತ್ತಾರು ಸಾವಿರ ಕಾರುಗಳನ್ನು ವಾಪಸು ಕರೆಸಿಕೊಂಡದ್ದು ಇಂಧನ ಟ್ಯಾಂಕಿನ ಗಾಳಿನಳಿಕೆಯಲ್ಲಿ ಜೇಡಗಳು ಬಲೆ ಕಟ್ಟುತ್ತಿದ್ದವೆಂಬ ಕಾರಣಕ್ಕೆ. ಬರ್ನರಿನಲ್ಲಿ ಬಲೆ ಅರ್ಧ ದಾರಿ ಮುಚ್ಚಿದರೆ ಗ್ಯಾಸ್ ಜೊತೆಗೆ ಹೋಗಬೇಕಾದ ಗಾಳಿ ಹೋಗುವುದಿಲ್ಲ. ಜೆಟ್ಟನ್ನು ಬಿಚ್ಚಿ ಊದಿ ಸ್ವಚ್ಛ ಮಾಡಬೇಕು, ತಂತಿ ಚುಚ್ಚಿ ತೂತನ್ನು ಅಗಲ ಮಾಡಬಾರದು.

ತೂತಿನ ಅಳತೆ ಯಾವ ಗ್ಯಾಸಿಗೆಂದು ನೋಡುವುದೂ ಮುಖ್ಯ. ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತಿದೆ. ಒಂದು ಘನ ಮೀಟರ್ ಎಲ್‌ಪಿಜಿಯಲ್ಲಿ ಅಷ್ಟೇ ನೈಸರ್ಗಿಕ ಅನಿಲಕ್ಕಿಂತ ಎರಡೂವರೆ ಪಟ್ಟು ಮತ್ತೂ ಹೆಚ್ಚಿನ ಶಾಖವಿದೆ. ಒಂದಕ್ಕೆಂದು ಕೊರೆದ ತೂತಿನಲ್ಲಿ ಇನ್ನೊಂದನ್ನು ಹರಿಸಿದರೆ ಉರಿ ಒಂದೋ ಮಸಿ ಕಾರುತ್ತದೆ, ಇಲ್ಲವೋ ಬಡಕಲಾಗುತ್ತದೆ.

ಜ್ವಾಲೆಗೆ ತನ್ನದೇ ಒಂದು ವೇಗವೂ ಇದೆ. ಪ್ರೊಪೇನ್ ಮತ್ತು ಗಾಳಿಯ ಮಿಶ್ರಣದಲ್ಲಿ ಬೆಂಕಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಹಿಂದಕ್ಕೆ ಸುಡುತ್ತಾ ಬರುತ್ತದೆ. ಗ್ಯಾಸ್ ಮುಂದಕ್ಕೆ ಬರುವ ವೇಗ ಇದಕ್ಕೆ ಸರಿಹೊಂದಿದರೆ ಉರಿ ಬರ್ನರಿನ ಬಾಯಲ್ಲಿ ನೆಲೆ ನಿಲ್ಲುತ್ತದೆ. ಒತ್ತಡ ಹೆಚ್ಚಾಗಿ, ಗಾಳಿಯ ಕಿಂಡಿಯೂ ಪೂರ್ತಿ ತೆರೆದಿದ್ದರೆ ಉರಿ ಬಾಯಿ ಬಿಟ್ಟು ಮುಂದೆ ಹಾರಿ ನಂದುತ್ತದೆ. ಒತ್ತಡ ತೀರ ಕಡಿಮೆಯಾದರೆ ಬೆಂಕಿ ಕೊಳವೆಯೊಳಗೇ ಹಿಮ್ಮೆಟ್ಟಿ ಟಪ್ಪೆನ್ನುತ್ತದೆ. ಸುಯ್ಯೆಂಬ ಗಾಳಿಯ ಸದ್ದಿನೊಡನೆ ಆರಿದರೆ ಮೊದಲನೆಯದು, ಟಪ್ಪೆಂದು ಆರಿದರೆ ಎರಡನೆಯದು ಎಂದು ಅನುಭವಿಗಳು ಕಿವಿಯಲ್ಲೇ ಗುರುತಿಸುತ್ತಾರೆ.

ಸಿಲಿಂಡರಿನ ಮೈಮೇಲೆ ಮಂಜು

ಎರಡು ಮೂರು ತಾಸು ಚೆನ್ನಾಗಿ ಉರಿದು, ಜ್ವಾಲೆ ನಿಧಾನವಾಗಿ ಕುಗ್ಗುತ್ತಾ ಆರಿದರೆ ಆವಿಗೆಯನ್ನು ಬಿಟ್ಟು ಸಿಲಿಂಡರಿನ ಹತ್ತಿರ ಹೋಗಬೇಕು. ಮೈಮೇಲೆ ಕೈಯಿಟ್ಟರೆ ಕೊರೆಯುತ್ತಿರುತ್ತದೆ, ಕೆಳಭಾಗದಲ್ಲಿ ನೀರಹನಿ, ಕೆಲವೊಮ್ಮೆ ಬಿಳಿ ಮಂಜು.

ಸಿಲಿಂಡರಿನೊಳಗೆ ಇರುವುದು ದ್ರವ, ಉರಿಯುವುದು ಅದರ ಆವಿ. ದ್ರವ ಆವಿಯಾಗಲು ಶಾಖ ಬೇಕು, ಕೆ.ಜಿ.ಗೆ ಸುಮಾರು 400 ಕಿಲೋಜೂಲ್. ಆ ಶಾಖ ಹೊರಗಿನ ಗಾಳಿಯಿಂದ ಉಕ್ಕಿನ ಗೋಡೆಯ ಮೂಲಕ ಬರಬೇಕು. ಬರುವುದು ತಡವಾದರೆ ದ್ರವ ತನ್ನ ಶಾಖವನ್ನೇ ಖರ್ಚು ಮಾಡಿ ತಣ್ಣಗಾಗುತ್ತದೆ. ಹೊರಗಿನಿಂದ ಏನೂ ಬರಲಿಲ್ಲವೆಂದು ಲೆಕ್ಕ ಹಾಕಿದರೆ, 15 ಕೆ.ಜಿ. ದ್ರವವಿರುವ ಸಿಲಿಂಡರಿನಿಂದ ಒಂದು ಕೆ.ಜಿ. ಆವಿ ಹೋದಾಗ ಉಳಿದದ್ದು ಸುಮಾರು ಹತ್ತು ಡಿಗ್ರಿ ತಣಿಯುತ್ತದೆ. ಅರ್ಧ ಖಾಲಿಯಾದ ಸಿಲಿಂಡರಿನಲ್ಲಿ ದ್ರವವೂ ಕಡಿಮೆ, ಅದು ಗೋಡೆಗೆ ತಾಗಿರುವ ಜಾಗವೂ ಕಡಿಮೆ, ತಣಿಯುವುದು ಇನ್ನೂ ಬೇಗ. ತಣಿದಂತೆಲ್ಲ ಒತ್ತಡ ಇಳಿಯುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುವುದರಿಂದ ಅದಕ್ಕೆ ಅಷ್ಟೇನೂ ಬಾಧೆಯಿಲ್ಲ. ಬ್ಯೂಟೇನಿನ ಕುದಿಬಿಂದು ಮೈನಸ್ ಅರ್ಧ ಡಿಗ್ರಿ. ಹಗುರವಾದ ಪ್ರೊಪೇನ್ ಮೊದಲೇ ಹೆಚ್ಚಾಗಿ ಹೊರಟುಹೋಗಿ, ಕೊನೆಕೊನೆಗೆ ಬ್ಯೂಟೇನ್ ಹೆಚ್ಚಿರುವ ದ್ರವ ಉಳಿಯುತ್ತದೆ. ಗೂಡು ಅತಿ ಹೆಚ್ಚು ಗ್ಯಾಸ್ ಬೇಡುವ ಹೊತ್ತಿಗೆ ಸಿಲಿಂಡರ್ ಅತಿ ಕಡಿಮೆ ಕೊಡುವ ಸ್ಥಿತಿಗೆ ಬಂದಿರುತ್ತದೆ, ಅದೂ ಧನುರ್ಮಾಸದ ಬೆಳಗಿನ ಜಾವದಲ್ಲಿ.

ಇದಕ್ಕೆ ಪರಿಹಾರ 19 ಕೆ.ಜಿ.ಯ ನಾಲ್ಕಾರು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸಿ ಹೊರೆ ಹಂಚುವುದು, ಅಥವಾ 47.5 ಕೆ.ಜಿ.ಯ ದೊಡ್ಡವನ್ನು ಬಳಸುವುದು. ಸಾಧಾರಣ ನೀರಿನ ತೊಟ್ಟಿಯಲ್ಲಿ ನಿಲ್ಲಿಸುವವರೂ ಇದ್ದಾರೆ, ನೀರು ಗಾಳಿಗಿಂತ ಬೇಗ ಶಾಖ ಕೊಡುತ್ತದೆ. ಸಿಲಿಂಡರಿಗೆ ಬೆಂಕಿ ಹಿಡಿಯುವ, ಹೀಟರ್ ಕಟ್ಟುವ ಯೋಚನೆ ಯಾರಿಗೂ ಬರಬಾರದು.

ಕಾದ ಮೇಲೆ ಆರುವುದು

ಉಳಿದದ್ದು ಬಗೆಹರಿಸಲು ಅತ್ಯಂತ ಸ್ವಾರಸ್ಯಕರವಾದದ್ದು. ಸಿಲಿಂಡರ್ ಬೆಚ್ಚಗಿದೆ, ಒತ್ತಡ ಸರಿಯಾಗಿದೆ, ಸಾವಿರ ಡಿಗ್ರಿ ದಾಟಿದ ಗೂಡು ಟಕ್ ಎಂದು ಆರುತ್ತದೆ. ತಣ್ಣಗಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿ!

ಬಿಸಿಜೋಡಿ ಅಂತರವನ್ನಷ್ಟೇ ಬಲ್ಲದು ಎಂದು ಹೇಳಿದ್ದು ಈಗ ನೆನಪಾಗಬೇಕು. ಗೂಡಿನ ಹೊರಮೈ ಗಂಟೆಗಟ್ಟಲೆ ಕಾದು, ಬರ್ನರಿನ ಬಾಯಿಂದ ಶಾಖ ಹೊರಸೂಸಿ, ಬಿಸಿಜೋಡಿಯ ತಣ್ಣಗಿರಬೇಕಾದ ಭಾಗವೂ ಬಿಸಿಯೇರಿದರೆ ಅಂತರ ಕುಗ್ಗುತ್ತದೆ, ಮಿಲಿವೋಲ್ಟ್ ಇಳಿಯುತ್ತದೆ. ಕಾಂತದ ತಂತಿಯೂ ಬಿಸಿಯಾದಂತೆ ಅದರ ತಡೆ ಏರುತ್ತದೆ. ಎರಡೂ ಸೇರಿ ಹಿಡಿತ ತಪ್ಪುತ್ತದೆ. ಉರಿ ಇದೆ, ಆದರೂ ಉರಿ ಇಲ್ಲವೆಂದು ಕವಾಟ ತೀರ್ಮಾನಿಸುತ್ತದೆ. ಕವಾಟವನ್ನು ಬರ್ನರಿನಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿ, ಬಿಸಿಜೋಡಿಯ ತುದಿ ಮಾತ್ರ ಜ್ವಾಲೆಯಲ್ಲಿರುವಂತೆ ಹಿಂದಕ್ಕೆಳೆದರೆ ಇದು ನಿಲ್ಲುತ್ತದೆ.

ಇನ್ನೊಂದು ಕಾರಣ ಕುಂಬಾರರೇ ಬೇಕೆಂದು ತಂದುಕೊಳ್ಳುವುದು. ಸೆಲಡನ್ ಎಂಬ ತಿಳಿಹಸಿರು ಮೆರುಗು ಬರಬೇಕಾದರೆ ಮೆರುಗಿನೊಳಗಿನ ಕಬ್ಬಿಣದ ಆಕ್ಸೈಡು ಒಂದಿಷ್ಟು ಆಮ್ಲಜನಕವನ್ನು ಕಳೆದುಕೊಳ್ಳಬೇಕು, ತಾಮ್ರದಿಂದ ರಕ್ತಗೆಂಪು ಬರಬೇಕಾದರೂ ಹಾಗೇ. ಅದಕ್ಕೆಂದು ಚಿಮಣಿಯ ಅಡ್ಡಹಲಗೆಯನ್ನು, ಅಂದರೆ ಡ್ಯಾಂಪರನ್ನು ಒಳಗೆ ತಳ್ಳಿ ಗೂಡಿಗೆ ಗಾಳಿ ಸಾಲದಂತೆ ಮಾಡುತ್ತಾರೆ. ಗಾಳಿಗಾಗಿ ಹಸಿದ ಬೆಂಕಿ ಮೆರುಗಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಹೊರದಾರಿ ಇಕ್ಕಟ್ಟಾದಾಗ ಒಳಗಿನ ಒತ್ತಡ ಏರಿ, ಸುಟ್ಟ ಅನಿಲ ಬರ್ನರಿನ ಬಾಯಿಂದಲೇ ಹಿಂದಕ್ಕೆ ಬರಬಹುದು. ಆಮ್ಲಜನಕವೇ ಇಲ್ಲದ ಆ ಉಸಿರು ಪೈಲಟ್ ಉರಿಯನ್ನು ಮುಸುಕಿ ಆರಿಸುತ್ತದೆ. ಅಡ್ಡಹಲಗೆಯನ್ನು ಅರ್ಧ ಅಂಗುಲ ಹೊರಗೆಳೆದರೆ ಸಾಕಾಗುವ ಈ ತೊಂದರೆಗೆ ಬಿಸಿಜೋಡಿಯನ್ನು ದೂರಿ ಬದಲಿಸುತ್ತಾ ಕೂತವರಿದ್ದಾರೆ. ಈ ಹಂತದಲ್ಲಿ ಹೊರಬರುವ ಅನಿಲದಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಆದ್ದರಿಂದ ಗಾಳಿಯಾಡದ ಕೋಣೆಯಲ್ಲಿ ಈ ಕೆಲಸ ಕೂಡದು.

ಚಿಮಣಿ ತಣ್ಣಗಿರುವಾಗ ಇದೇ ತೊಂದರೆ ಆರಂಭದಲ್ಲೂ ಬರುತ್ತದೆ. ಬಿಸಿಗಾಳಿ ಹಗುರವಾಗಿ ಮೇಲೇರಿದರೆ ತಾನೆ ಚಿಮಣಿ ಸೆಳೆಯುವುದು? ಅದಕ್ಕೇ ಹಳಬರು ಬರ್ನರ್ ಹಚ್ಚುವ ಮೊದಲು ಚಿಮಣಿಯ ಬುಡದಲ್ಲಿ ನಾಲ್ಕು ಹಾಳೆ ಕಾಗದ ಸುಡುತ್ತಾರೆ.

ಗುಂಡಿಗೆ ಕಟ್ಟಿದ ತಂತಿ

ಪದೇ ಪದೇ ಆರುವ ಆವಿಗೆಯ ಮುಂದೆ ತಾಳ್ಮೆ ಕೆಟ್ಟವರು ಕೆಂಪು ಗುಂಡಿಯನ್ನು ಒತ್ತಿ ತಂತಿ ಕಟ್ಟಿಬಿಡುವುದುಂಟು, ಕವಾಟವನ್ನೇ ತೆಗೆದು ನೇರ ಕೊಳವೆ ಹಾಕುವುದೂ ಉಂಟು. ಆವಿಗೆ ಆಗ ಆರುವುದಿಲ್ಲ, ನಿಜ. ಮೂವತ್ತು ಗ್ರಾಂ ಗ್ಯಾಸಿನ ಲೆಕ್ಕ ಗೊತ್ತಿದ್ದವರು ಹೀಗೆ ಮಾಡಲಾರರು. ಆರಿದ ಆವಿಗೆ ಕೆಟ್ಟಿದೆ ಎಂದು ನಾವು ಭಾವಿಸುತ್ತೇವೆ, ಎಷ್ಟೋ ಸಲ ಇಡೀ ಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಆ ಕವಾಟ ಒಂದೇ ಆಗಿರುತ್ತದೆ.

ಆರಿದ ಮೇಲೆ ಮತ್ತೆ ಹಚ್ಚುವ ಮೊದಲು ಬಾಗಿಲು ಮತ್ತು ಅಡ್ಡಹಲಗೆ ಎರಡನ್ನೂ ತೆರೆದು ಒಳಗಿನ ಗಾಳಿ ಪೂರ್ತಿ ಬದಲಾಗಲು ಬಿಡಬೇಕು. ಕೈಗಾರಿಕಾ ಕುಲುಮೆಗಳಲ್ಲಿ ಒಳಗಿನ ಅವಕಾಶದ ನಾಲ್ಕು ಪಟ್ಟು ಗಾಳಿ ಹಾಯಿಸುವುದು ಕನಿಷ್ಠ ನಿಯಮ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಅದು ಮೇಲೇರದೆ ನೆಲದ ಮೇಲೆ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಮೂಗನ್ನು ನೆಲಮಟ್ಟಕ್ಕೆ ತಂದು ವಾಸನೆ ನೋಡಬೇಕು, ಕೊಳವೆಯ ಸಂದುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು.

ರಿಪೇರಿ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ, ಹೆಚ್ಚಿನವರು ಅದನ್ನು ಮಾಡುವುದಿಲ್ಲ. ಖಾಲಿ ಗೂಡಿನಲ್ಲಿ ಬಾಗಿಲು ತೆರೆದಿಟ್ಟು, ಮುಖ್ಯ ಬರ್ನರಿನ ಗ್ಯಾಸ್ ಬಂದ್ ಮಾಡಿ, ಪೈಲಟ್ ಉರಿಯನ್ನು ಮಾತ್ರ ಹಚ್ಚಬೇಕು. ಅದು ನೆಲೆ ನಿಂತ ಮೇಲೆ ಬೇಕೆಂದೇ ಊದಿ ಆರಿಸಿ, ಕವಾಟಕ್ಕೆ ಕಿವಿಗೊಡಬೇಕು. ಬಿಸಿಜೋಡಿ ತಣಿದು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ಒಳಗಿನ ತಟ್ಟೆ ಬಿಟ್ಟುಕೊಂಡ ಟಕ್ ಸದ್ದು ಕೇಳಿಸುತ್ತದೆ. ಒಂದು ನಿಮಿಷ ದಾಟಿಯೂ ಸದ್ದು ಬರದೆ ಗ್ಯಾಸಿನ ವಾಸನೆ ಮುಂದುವರಿದರೆ ತಟ್ಟೆ ಅಂಟಿಕೊಂಡಿದೆ, ಇಲ್ಲವೇ ಕವಾಟದ ಬಾಯಲ್ಲಿ ಕಸ ಸಿಕ್ಕಿಕೊಂಡಿದೆ. ಸಿಲಿಂಡರ್ ಮುಚ್ಚಿ ಆ ಕವಾಟವನ್ನು ಬದಲಿಸುವವರೆಗೆ ಗೂಡಿಗೆ ಪಾತ್ರೆ ತುಂಬುವಂತಿಲ್ಲ.